ಒಂದು ಪ್ಯಾಕೆಟ್ ಚಟ್ನಿ ಪುಡಿಗೆ ನಿಜವಾಗ್ಲೂ ಎಷ್ಟು ಬೀಳುತ್ತೆ? ಮನೆಯಿಂದ ಬಿಸಿನೆಸ್ ಶುರು ಮಾಡೋ ಮುಂಚೆ ಹಾಕ್ಬೇಕಾದ ಲೆಕ್ಕ

ನಮ್ಮಕ್ಕ ಮಾಡೋ ಶೇಂಗಾ ಚಟ್ನಿ ಪುಡಿ ನಮ್ಮ ಬಳಗದಲ್ಲಿ ಎಲ್ರಿಗೂ ಗೊತ್ತು. ದಾವಣಗೆರೆಯಲ್ಲಿರೋ ಅವಳ ಮನೆಗೆ ಹೋದವರು ವಾಪಸ್ ಬರುವಾಗ ಒಂದು ಡಬ್ಬಿ ಕಟ್ಟಿಸಿಕೊಂಡೇ ಬರೋದು, ಎಷ್ಟೋ ವರ್ಷದಿಂದ ಹಂಗೇ ನಡ್ಕೊಂಡು ಬಂದಿದೆ. 2024ರ ದಸರಾಕ್ಕೆ ಎಲ್ಲಾ ಸೇರಿದ್ದಾಗ "ಇದನ್ನೇ ಮಾರಿದ್ರೆ ಹೆಂಗೆ" ಅನ್ನೋ ಮಾತು ಬಂತು, ಭಾವ ಆಗ್ಲೇ ಮೊಬೈಲ್ ತೆಗೆದು ಹುರಿಯೋ ಮಿಷಿನ್ ರೇಟು, ಪುಡಿ ಮಾಡೋ ಮಿಷಿನ್ ರೇಟು ನೋಡೋಕೆ ಶುರು ಮಾಡಿದ್ರು, 4 ಲಕ್ಷ ಸಾಲ ತಗೊಂಡ್ರೆ ಅರ್ಧ ಸಬ್ಸಿಡಿ ಬರುತ್ತಂತೆ ಅಂತನೂ ಯಾರೋ ಹೇಳಿದ್ರು. ನಾನು ಲೆಕ್ಕಪತ್ರ ನೋಡೋ ಕೆಲಸದಲ್ಲಿರೋದ್ರಿಂದ ನನ್ನ ಕಡೆ ತಿರುಗಿ ಕೇಳಿದ್ರು. ನಾನು ಅಕ್ಕನ್ನ ಒಂದೇ ಪ್ರಶ್ನೆ ಕೇಳಿದೆ: ಒಂದು ಪ್ಯಾಕೆಟ್‌ಗೆ ನಿಂಗೆ ಎಷ್ಟು ಬೀಳುತ್ತೆ?

ಅವಳು ತಕ್ಷಣ ಹೇಳಿದ್ಲು, 31 ರೂಪಾಯಿ. ಆ 31 ಎಲ್ಲಿಂದ ಬಂತು, ಅದು ಯಾಕೆ ತಪ್ಪು, ಸರಿ ಲೆಕ್ಕ ಹೆಂಗೆ ಅನ್ನೋದನ್ನೇ ಇಲ್ಲಿ ಪೂರ್ತಿ ಬಿಡಿಸಿ ಬರೀತೀನಿ, ಯಾಕಂದ್ರೆ ಲೈಸೆನ್ಸು, ಸ್ಕೀಮು, ಸಾಲ ಇವೆಲ್ಲಾ ಹೇಳಿಕೊಡೋಕೆ ಬೇಕಾದಷ್ಟು ಜನ ಇದಾರೆ, ಈ ಲೆಕ್ಕ ಕೂತು ಹಾಕಿಸೋರು ಕಮ್ಮಿ. ನೀವು ಚಟ್ನಿ ಪುಡಿ ಬದಲು ರೊಟ್ಟಿ, ಹಪ್ಪಳ, ಸಾಂಬಾರ್ ಪುಡಿ, ಬಟ್ಟೆ ಬ್ಯಾಗು ಏನೇ ಮಾಡಿ, ಅಂಕಿ ಬದಲಾಗುತ್ತೆ ಅಷ್ಟೇ, ದಾರಿ ಇದೇ.

ಅಕ್ಕ ಒಂದು ಸಲಕ್ಕೆ ಹಾಕೋ ಸಾಮಾನು 10 ಕೆಜಿ. ಅದ್ರಲ್ಲಿ ಶೇಂಗಾ ಬೀಜ ಏಳೂವರೆ ಕೆಜಿ, ಚಳ್ಳಕೆರೆ ಕಡೆಯಿಂದ ಬರೋ ಮಾಲು, ಆಗ ಕೆಜಿಗೆ 130 ರೂಪಾಯಿ, ಒಟ್ಟು 975. ಬ್ಯಾಡಗಿ ಮೆಣಸಿನಕಾಯಿ ಒಂದು ಕೆಜಿ 300. ಬೆಳ್ಳುಳ್ಳಿ 120. ಜೀರಿಗೆ, ಉಪ್ಪು, ಬೆಲ್ಲ, ಹುಣಸೆಹಣ್ಣು, ಕರಿಬೇವು ಎಲ್ಲಾ ಸೇರಿ 155. ಕೂಡಿದ್ರೆ 1,550 ಆಯ್ತು. 10 ಕೆಜಿ ಅಂದ್ರೆ 200 ಗ್ರಾಂದು 50 ಪ್ಯಾಕೆಟ್, 1,550ನ್ನ 50ಕ್ಕೆ ಭಾಗಿಸಿದ್ರೆ 31. ಅಕ್ಕನ ಲೆಕ್ಕ ಇದು.

ಆದ್ರೆ 10 ಕೆಜಿ ಸಾಮಾನು ಹಾಕಿದ್ರೆ 10 ಕೆಜಿ ಪುಡಿ ಬರಲ್ಲ. ಶೇಂಗಾ ಹುರಿದಾಗ ತೇವ ಹೋಗುತ್ತೆ, ಆಮೇಲೆ ಉಜ್ಜಿ ಮೊರದಲ್ಲಿ ಕೇರಿದಾಗ ಸಿಪ್ಪೆ ಹೋಗುತ್ತೆ, ಕಪ್ಪಾದ ಬೀಜ, ಮುರುಟಿದ ಬೀಜ ಆರಿಸಿ ತೆಗೀಬೇಕು, ಮೆಣಸಿನಕಾಯಿ ತೊಟ್ಟು ಹೋಗುತ್ತೆ, ಮಿಕ್ಸಿಗೆ ಅಂಟಿಕೊಂಡಿದ್ದು ಸ್ವಲ್ಪ. ನಾನು ಅವಳ ಹತ್ರ ಮೂರು ಸಲ ತೂಕ ಮಾಡಿಸಿದೆ, ಹತ್ರ ಹತ್ರ 9 ಕೆಜಿನೇ ಬಂತು. ಅಂದ್ರೆ ಪ್ಯಾಕೆಟ್ 45. ಸಾಮಾನಿನ ಅಸಲು 31 ಇದ್ದದ್ದು ಇಲ್ಲಿಗೇ 34 ರೂಪಾಯಿ 50 ಪೈಸೆ ಆಯ್ತು. ತಿನ್ನೋ ಪದಾರ್ಥದ ಬಿಸಿನೆಸ್ ಮಾಡೋರು ಮೊದಲು ಮಾಡ್ಬೇಕಾದ್ದು ಇದು, ಹಸಿ ಸಾಮಾನು ತೂಗಿ, ಕೊನೇಲಿ ಸಿಕ್ಕ ಮಾಲು ತೂಗಿ, ಎರಡನ್ನೂ ಬರೆದಿಟ್ಕೊಳ್ಳಿ. ಅಂದಾಜು ಬೇಡ.

ಇನ್ನು ಪೌಚು ಮತ್ತು ಲೇಬಲ್ಲು ಸೇರಿ 6 ರೂಪಾಯಿ, ಗ್ಯಾಸು ಕರೆಂಟು ಸೇರಿ 2 ರೂಪಾಯಿ. ಆಮೇಲೆ ಬಂದಿದ್ದು ಕೂಲಿ, ಜಗಳ ಆಗಿದ್ದೂ ಇಲ್ಲೇ. "ನಾನೇ ಮಾಡ್ತೀನಲ್ಲ, ಕೂಲಿ ಯಾಕೆ ಹಾಕ್ಬೇಕು" ಅಂದ್ಲು ಅಕ್ಕ. ಹುರಿಯೋದು, ಕೇರೋದು, ಆರಿಸೋದು, ಪುಡಿ ಮಾಡೋದು, ತುಂಬಿ ಸೀಲ್ ಹಾಕೋದು ಎಲ್ಲಾ ಸೇರಿ 10 ಕೆಜಿಗೆ ಒಂದೂವರೆ ಆಳಿನ ಕೆಲಸ ಹಿಡಿಯುತ್ತೆ, ದಿನಕ್ಕೆ 400 ಅಂದ್ರೆ 600 ರೂಪಾಯಿ, ಪ್ಯಾಕೆಟ್‌ಗೆ 13 ರೂಪಾಯಿ ಚಿಲ್ರೆ, 13.50 ಅಂತ ಹಿಡ್ಕೊಂಡ್ವಿ. ನೀವೇ ಮಾಡಿದ್ರೂ ಇದನ್ನ ಹಾಕ್ಲೇಬೇಕು, ಯಾಕಂದ್ರೆ ನಾಳೆ ಆರ್ಡರ್ ಜಾಸ್ತಿ ಆಗಿ ಪಕ್ಕದ ಮನೆಯವರನ್ನ ಕೆಲಸಕ್ಕೆ ಕರೆದ ದಿನ ಆ ದುಡ್ಡು ಕೈಯಿಂದ ಹೋಗೋಕೆ ಶುರುವಾಗುತ್ತೆ, ಅವತ್ತು ರೇಟಲ್ಲಿ ಅದಕ್ಕೆ ಜಾಗ ಇಲ್ಲ ಅಂದ್ರೆ ಆರ್ಡರ್ ಬೆಳೆದಷ್ಟೂ ನಷ್ಟ ಬೆಳೆಯುತ್ತೆ. ಇನ್ನೊಂದು ಮಾತು, ಮನೆ ಹೆಂಗಸರ ದುಡಿಮೆಗೆ ಬೆಲೆನೇ ಇಲ್ಲ ಅನ್ನೋ ಹಾಗೆ ಲೆಕ್ಕ ಹಾಕಿ "ಲಾಭ ಬಂತು" ಅನ್ನೋದು ನಂಗೆ ಒಪ್ಪಿಗೆ ಇಲ್ಲ, ಅದು ಲಾಭ ಅಲ್ಲ, ಅವಳ ಕೂಲಿ ಅವಳಿಗೆ ಕೊಡದೇ ಉಳಿಸಿದ್ದು.

34.50, 6, 2, 13.50. ಒಟ್ಟು 56 ರೂಪಾಯಿ.

ಅಕ್ಕ 31 ಅಂದ್ಕೊಂಡು 70 ರೂಪಾಯಿ ಎಂಆರ್‌ಪಿ ಇಡೋಣ ಅಂತ ಯೋಚನೆ ಮಾಡಿದ್ಲು, ಅರ್ಧಕ್ಕಿಂತ ಜಾಸ್ತಿ ಲಾಭ ಅಂತ. ಅಂಗಡಿಗೆ ಕೊಟ್ರೆ ಅವರು 20 ಪರ್ಸೆಂಟ್ ಮಾರ್ಜಿನ್ ಕೇಳ್ತಾರೆ, ಹೊಸ ಮಾಲು, ಹೆಸರಿಲ್ಲದ್ದು ಅಂದ್ರೆ 25 ಕೇಳೋರೂ ಇದಾರೆ, ಅದು ತಪ್ಪೂ ಅಲ್ಲ, ಅವರಿಗೂ ಬಾಡಿಗೆ ಕರೆಂಟು ಇದೆ. 70ರಲ್ಲಿ 20 ಪರ್ಸೆಂಟ್ 14. ಅಕ್ಕನ ಕೈಗೆ 56. ಖರ್ಚೂ 56! ಅಲ್ಲಿಗೆ ಪೆಟ್ರೋಲ್ ಹಾಕ್ಕೊಂಡು ಅಂಗಡಿ ಅಂಗಡಿ ತಿರುಗಿದ್ದಷ್ಟೂ ಕೈಯಿಂದಲೇ ಹೋಗ್ತಿತ್ತು. ನನ್ನ ಪ್ರಕಾರ ಮನೆಯಿಂದ ಶುರುವಾಗೋ ಎಷ್ಟೋ ಬಿಸಿನೆಸ್ಸು ಒಂದು ವರ್ಷದೊಳಗೆ ನಿಂತು ಹೋಗೋದು ಈ ಜಾಗದಲ್ಲೇ, ರುಚಿ ಚೆನ್ನಾಗಿರುತ್ತೆ, ಮಾಲು ಹೋಗ್ತಾನೂ ಇರುತ್ತೆ, ದುಡ್ಡು ಮಾತ್ರ ಕಾಣಲ್ಲ, ಯಾಕೆ ಅಂತ ಯಾರಿಗೂ ಅರ್ಥ ಆಗಲ್ಲ.

(ಅಸಲಿಗಿಂತ ಕಮ್ಮಿ ರೇಟಿಗೆ ಮಾರೋದು ಎಂಥಾ ದೊಡ್ಡವರನ್ನೂ ಹಿಡಿಯುತ್ತೆ. ಬೆಂಗಳೂರಲ್ಲಿ 1924ರಲ್ಲಿ ಶುರುವಾದ ಎಂಟಿಆರ್, ತುರ್ತು ಪರಿಸ್ಥಿತಿ ಕಾಲದಲ್ಲಿ ಹೋಟೆಲ್ ತಿಂಡಿ ರೇಟು ಸರ್ಕಾರನೇ ಇಳಿಸಿ ಕಟ್ಟಿ ಹಾಕಿದಾಗ ಆ ರೇಟಲ್ಲಿ ತಮ್ಮ ಗುಣಮಟ್ಟ ಇಟ್ಕೊಂಡು ನಡೆಸೋಕಾಗ್ದೆ ಹೋಟೆಲ್ ಬಾಗಿಲು ಹಾಕ್ಬೇಕಾಯ್ತು, ಆಮೇಲೆ ಪುಡಿ, ಮಿಕ್ಸು ಪ್ಯಾಕೆಟ್ ಮಾರೋ ಕಡೆ ತಿರುಗಿದ್ರು.)

ಸರಿ, ರೇಟು ಎಷ್ಟಿಡ್ಬೇಕು? ಅಸಲಿನ ಮೇಲೆ ಇಷ್ಟು ಸೇರಿಸೋದು ಒಂದು ಕಡೆ, ಅಂಗಡಿಯಲ್ಲಿ ಆಗ್ಲೇ ಇರೋ ಮಾಲು ಎಷ್ಟಕ್ಕಿದೆ ಅನ್ನೋದು ಇನ್ನೊಂದು ಕಡೆ. ನಾವಿಬ್ರೂ ಒಂದು ಭಾನುವಾರ 11 ಅಂಗಡಿ ತಿರುಗಿ, ಇರೋ ಚಟ್ನಿ ಪುಡಿ ಎಲ್ಲಾ ಒಂದೊಂದು ತಗೊಂಡು ಬಂದು ರುಚಿ, ತೂಕ, ರೇಟು, ತಯಾರಾದ ದಿನ ನೋಡಿದ್ವಿ. 200 ಗ್ರಾಂಗೆ 75ರಿಂದ 110ರವರೆಗೂ ಇತ್ತು. 90 ಅಂತ ಗಟ್ಟಿ ಮಾಡಿದ್ವಿ. ಅಂಗಡಿ ಮಾರ್ಜಿನ್ 18 ಹೋದ್ರೆ ಕೈಗೆ 72, ಅಸಲು 56 ಕಳೆದ್ರೆ 16, ಅದ್ರಲ್ಲಿ ವಾಪಸ್ ಬರೋ ಪ್ಯಾಕೆಟ್ಟು, ಹರಿದ ಪೌಚು, ಸ್ಯಾಂಪಲ್ ಕೊಟ್ಟಿದ್ದು ಇದಕ್ಕೆಲ್ಲಾ ಸರಾಸರಿ 4 ರೂಪಾಯಿ. ಉಳಿಯೋದು 12. ಇದೇ ಪ್ಯಾಕೆಟ್ ನೇರ ಗಿರಾಕಿ ಕೈಗೆ ಕೊಟ್ರೆ 90ರಲ್ಲಿ 56 ಹೋಗಿ 34 ಉಳಿಯುತ್ತೆ. ಈ 12 ಮತ್ತು 34 ನೆನಪಿಟ್ಕೊಳ್ಳಿ, ಮುಂದಿನದ್ದೆಲ್ಲಾ ಇದರ ಮೇಲೆ ನಿಂತಿದೆ.

ಮಾಲು ಮಾಡಿದ್ರೂ ಮಾಡ್ದಿದ್ರೂ ತಿಂಗಳಿಗೆ ಹೋಗೋ ಖರ್ಚು ಅಂತ ಇರುತ್ತೆ. ಅಕ್ಕ ಮನೆ ಹಿಂದಿನ ಒಂದು ರೂಮ್ ಬಾಡಿಗೆಗೆ ತಗೊಂಡ್ಲು, 4,000. ಪೆಟ್ರೋಲ್ 2,500. ಫೋನು, ಕ್ಲೀನಿಂಗ್ ಸಾಮಾನು, ರಿಪೇರಿ, ಚಿಲ್ಲರೆ ಖರ್ಚು ಸೇರಿ 2,500. ಒಟ್ಟು 9,000. ಬರೀ ಅಂಗಡಿಗೇ ಕೊಡ್ತೀನಿ ಅಂದ್ರೆ ಪ್ಯಾಕೆಟ್‌ಗೆ 12ರಂತೆ ಈ 9,000 ಹುಟ್ಟೋಕೆ ತಿಂಗಳಿಗೆ 750 ಪ್ಯಾಕೆಟ್ ಹೋಗ್ಬೇಕು, 25 ದಿನ ಅಂದ್ರೆ ದಿನಕ್ಕೆ 30. ಇಲ್ಲಿವರೆಗೆ ಲಾಭನೂ ಇಲ್ಲ ನಷ್ಟನೂ ಇಲ್ಲ, ಅಕ್ಕನ ಕೂಲಿ ಮಾತ್ರ ಬಂದಿರುತ್ತೆ. ದಿನಕ್ಕೆ 30 ಅಂದ್ರೆ ಕೇಳೋಕೆ ಏನೂ ಅನ್ಸಲ್ಲ. ಆದ್ರೆ ಒಂದು ಸಾಧಾರಣ ಕಿರಾಣಿ ಅಂಗಡಿಯಲ್ಲಿ ಹೊಸ ಹೆಸರಿನ ಚಟ್ನಿ ಪುಡಿ ವಾರಕ್ಕೆ 3-4 ಹೋದ್ರೆ ದೊಡ್ಡದು, ತಿಂಗಳಿಗೆ 15 ಅಂತ ಇಟ್ಕೊಳ್ಳಿ, 750ಕ್ಕೆ 50 ಅಂಗಡಿ ಬೇಕು. 50 ಅಂಗಡಿಗೆ ಮಾಲು ಹಾಕಿ, ದುಡ್ಡು ವಸೂಲಿ ಮಾಡಿ, ಮತ್ತೆ ಬಂದು ಶೇಂಗಾ ಹುರಿಯೋದು ಒಬ್ಬರ ಕೈಯಲ್ಲಾಗೋ ಕೆಲಸ ಅಲ್ಲ.

ಈಗ ಅದೇ ಲೆಕ್ಕ ಬೇರೆ ಥರ ನೋಡಿ. ತಿಂಗಳಿಗೆ 200 ಪ್ಯಾಕೆಟ್ ನೇರವಾಗಿ ಹೋದ್ರೆ, ಅಂದ್ರೆ ಗೊತ್ತಿರೋ ಮನೆ, ವಾಟ್ಸಾಪ್ ಆರ್ಡರ್, ಆಫೀಸಿಗೆ ಹೋಗೋರು ಹತ್ತತ್ತು ಒಯ್ಯೋದು, ಭಾನುವಾರದ ಸಂತೆ, ಪ್ಯಾಕೆಟ್‌ಗೆ 34ರಂತೆ 6,800 ಬಂತು. ಇನ್ನು ಬೇಕಾಗಿರೋದು 2,200, ಅದಕ್ಕೆ ಅಂಗಡಿ ಮೂಲಕ 183 ಪ್ಯಾಕೆಟ್ ಸಾಕು, 12-13 ಅಂಗಡಿ ಅಷ್ಟೇ. 750 ಮಾಡಿ ಪಡೋ ಪಾಡು 383ರಲ್ಲೇ ಮುಗೀತು. ಅಕ್ಕಂಗೆ ಇದನ್ನ ಹಾಳೆ ಮೇಲೆ ತೋರಿಸಿದಾಗ ಅವಳ ಪ್ಲಾನೇ ಬದಲಾಯ್ತು. ಅಲ್ಲಿವರೆಗೂ ಸೂಪರ್ ಮಾರ್ಕೆಟ್‌ಗೆ ಹಾಕ್ಬೇಕು ಅನ್ನೋದೇ ಅವಳ ಕನಸಾಗಿತ್ತು, ಆಮೇಲೆ ನೇರ ಗಿರಾಕಿ 100 ಮನೆ ಹಿಡಿಬೇಕು ಅನ್ನೋದು ಮೊದಲ ಗುರಿ ಆಯ್ತು.

ಆ 200 ಹೋಗುತ್ತೆ ಅಂತ ಹೆಂಗೆ ಗೊತ್ತಾಗ್ಬೇಕು? ಹೋಗುತ್ತೋ ಇಲ್ವೋ ಮಾರಿಯೇ ನೋಡ್ಬೇಕು, ಆದ್ರೆ ಸಣ್ಣದಾಗಿ. ಮೂರು ತಿಂಗಳು ಮನೆ ಮಿಕ್ಸಿಯಲ್ಲೇ, 5 ಕೆಜಿ ಹಾಕಿ ಮಾಡಿದ್ಲು. ಮೊದಲ ತಿಂಗಳು 40 ಮನೆಯವರು ತಗೊಂಡ್ರು, ಎಲ್ರೂ ಚೆನ್ನಾಗಿದೆ ಅಂದ್ರು. ನಾನು ಅದನ್ನ ಲೆಕ್ಕಕ್ಕೆ ಇಟ್ಕೊಳ್ಳಬೇಡ ಅಂದೆ, ನಮ್ಮೋರು ಮಾಡ್ತಿದಾರೆ ಅನ್ನೋ ವಿಶ್ವಾಸಕ್ಕೆ ಎಲ್ರೂ ಒಂದ್ಸಲ ತಗೊಳ್ತಾರೆ. ನಾವಾಗಿ ಕೇಳದೇ ಎಷ್ಟು ಜನ ತಾವೇ ಫೋನ್ ಮಾಡಿ "ಖಾಲಿ ಆಯ್ತು, ಇನ್ನೊಂದು ಕೊಡು" ಅಂತಾರೆ ನೋಡು ಅಂದೆ. 40ರಲ್ಲಿ 13 ಜನ ಕೇಳಿದ್ರು. ಯಾರು, ಎಷ್ಟು ದಿನಕ್ಕೆ ಕೇಳಿದ್ರು ಅಂತ ತಾರೀಖು ಹಾಕಿ ಬರೆದ್ಲು, ಸರಾಸರಿ 24 ದಿನಕ್ಕೆ ಒಂದು ಪ್ಯಾಕೆಟ್. ಕೇಳದೇ ಇದ್ದೋರಲ್ಲಿ ಕೆಲವರ ಹತ್ರ ಯಾಕೆ ಅಂತ ವಿಚಾರಿಸಿದ್ರೆ ಖಾರ ಜಾಸ್ತಿ ಅಂದ್ರು, ಮಕ್ಕಳಿರೋ ಮನೆಯವರು. ಅದಕ್ಕೆ ಖಾರ ಕಮ್ಮಿದು ಒಂದು ಶುರು ಮಾಡಿದ್ಲು, ಇವತ್ತು ಅರ್ಧ ವ್ಯಾಪಾರ ಅದ್ರಿಂದಲೇ ನಡೀತಿದೆ. ಮೊದಲೇ ಮಿಷಿನ್ ತಗೊಂಡು 2,000 ಪೌಚ್ ಪ್ರಿಂಟ್ ಹಾಕ್ಸಿದ್ರೆ ಈ ಬದಲಾವಣೆಗೆ ಜಾಗ ಎಲ್ಲಿರ್ತಿತ್ತು ಹೇಳಿ.

ಇದೇ ಮೂರು ತಿಂಗಳಲ್ಲಿ ಇನ್ನೊಂದು ಪರೀಕ್ಷೆನೂ ನಡೀಬೇಕು, ಎಷ್ಟು ದಿನ ಇರುತ್ತೆ ಅನ್ನೋದು. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆನೇ, ಪುಡಿ ಮಾಡಿದಾಗ ಆ ಎಣ್ಣೆಗೆ ಗಾಳಿ ತಾಗುತ್ತೆ, ಗಾಳಿ ಜೊತೆ ಬೆಳಕು ಮತ್ತೆ ಬಿಸಿ ಸೇರಿದ್ರೆ ಬೇಗ ಕಮಟು ವಾಸನೆ ಬರುತ್ತೆ. ಹಸಿ ಬೆಳ್ಳುಳ್ಳಿ ಹಾಕಿದ್ರೆ ಅದರ ನೀರಿಂದ ಇನ್ನೂ ತೊಂದ್ರೆ, ಅದನ್ನ ಗರಿಗರಿಯಾಗಿ ಹುರಿದೇ ಹಾಕ್ಬೇಕು. ತೇವ ಇರೋ ಶೇಂಗಾಗೆ ಬೂಷ್ಟು ಹಿಡಿಯುತ್ತೆ, ಕೆಲವು ಜಾತಿ ಬೂಷ್ಟಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗುತ್ತೆ, ಅದು ಹುರಿದ್ರೂ ಪೂರ್ತಿ ಹೋಗಲ್ಲ, ಲಿವರ್‌ಗೆ ಕೆಟ್ಟದ್ದು. ಅದಕ್ಕೇ ಬೀಜ ಆರಿಸೋ ಕೆಲಸದಲ್ಲಿ ಒಂದು ಚೂರೂ ಬಿಟ್ಟು ಕೊಡಬಾರ್ದು, ಜನ ನಮ್ಮನ್ನ ನಂಬಿ ಮಕ್ಕಳ ತಟ್ಟೆಗೆ ಹಾಕ್ತಾರೆ. ಅಕ್ಕ ಒಂದೇ ದಿನ ಮಾಡಿದ್ರಲ್ಲಿ 8 ಪ್ಯಾಕೆಟ್ ತೆಗೆದು, ನಾಲ್ಕು ಕಪಾಟಿನಲ್ಲಿ, ನಾಲ್ಕು ಕಿಟಕಿ ಹತ್ರ ಬಿಸಿಲು ಬೀಳೋ ಕಡೆ ಇಟ್ಟು 15 ದಿನಕ್ಕೊಂದು ಸಲ ಒಂದೊಂದು ಒಡೆದು ನೋಡಿದ್ಲು. ಕಿಟಕಿ ಹತ್ರದ್ದು ಒಂದೂವರೆ ತಿಂಗಳಿಗೇ ಕಮಟು ಬಂತು, ಕಪಾಟಿಂದು ಕೊನೇ ಪ್ಯಾಕೆಟ್ ಒಡೆದ ಎರಡನೇ ತಿಂಗಳಲ್ಲೂ ಚೆನ್ನಾಗೇ ಇತ್ತು. ಆಮೇಲೆ ಮಾನ್ಯತೆ ಇರೋ ಲ್ಯಾಬಲ್ಲಿ ಒಂದ್ಸಲ ಟೆಸ್ಟ್ ಮಾಡ್ಸಿದ್ವಿ, ಪೌಚನ್ನ ಪಾರದರ್ಶಕದ್ದು ಬಿಟ್ಟು ಒಳಗೆ ಬೆಳ್ಳಿ ಬಣ್ಣದ ಪದರ ಇರೋದಕ್ಕೆ ಬದಲಾಯಿಸಿದ್ವಿ. ಅಂಗಡಿಯವರು ಮಾಲನ್ನ ಹೊರಗಡೆ ಬಿಸಿಲಿಗೆ ನೇತು ಹಾಕ್ತಾರೆ, ನಾವು ಹೋಗಿ ಬೇಡ ಅನ್ನೋಕಾಗಲ್ಲ, ಹಾಗಾಗಿ ಪೌಚೇ ತಡ್ಕೋಬೇಕು. ಇಂಥ ತಿಂಡಿ ಪದಾರ್ಥ ಕೆಡದ ಹಾಗೆ ಇಡೋದರ ತರಬೇತಿ ಮೈಸೂರಿನ ಸಿಎಫ್‌ಟಿಆರ್‌ಐ ಅನ್ನೋ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಆಗಾಗ ಇರುತ್ತೆ. ಬಿಸಿನೆಸ್ ನಡೆಸೋದನ್ನೇ ಕಲೀಬೇಕು ಅಂದ್ರೆ ರುಡ್‌ಸೆಟ್ ಇದೆ, 1982ರಲ್ಲಿ ಉಜಿರೆಯಲ್ಲಿ ಶುರುವಾಗಿದ್ದು, ಅದನ್ನೇ ಮಾದರಿ ಇಟ್ಕೊಂಡು ಈಗ ದೇಶದ ತುಂಬ ಆರ್‌ಸೆಟಿ ಅಂತ ಕೇಂದ್ರ ಆಗಿವೆ, ಗ್ರಾಮೀಣ ಯುವಕ ಯುವತಿಯರಿಗೆ ತರಬೇತಿ, ಊಟ, ವಸತಿ ಎಲ್ಲಾ ಉಚಿತ.

ಈಗ ದುಡ್ಡು ಎಲ್ಲಿ ಸಿಕ್ಕಾಕ್ಕೊಳ್ಳುತ್ತೆ ಅನ್ನೋದು. ಲಾಭ ಇದೆ ಅಂತ ಹಾಳೆ ಹೇಳುತ್ತೆ, ಜೇಬಲ್ಲಿ ಮಾತ್ರ ಶೇಂಗಾ ತರೋಕೂ ಕಾಸಿರಲ್ಲ, ಹೀಗಾಗೋದು ಉದ್ರಿಯಿಂದ. ಮಂಡಿಯಲ್ಲಿ ಹೊಸಬರಿಗೆ ಕ್ಯಾಶ್ ಮೇಲೇ ಮಾಲು, ಅಂಗಡಿಯವರು ಮಾತ್ರ "ಮುಂದಿನ ಸಲ ಮಾಲು ಹಾಕುವಾಗ ಹಳೇ ಬಿಲ್ ಕೊಡ್ತೀವಿ" ಅಂತಾರೆ, ಆ ಮುಂದಿನ ಸಲ 30 ದಿನಕ್ಕೂ ಬರಬಹುದು, 45ಕ್ಕೂ ಬರಬಹುದು. ಸಾಮಾನು ತಂದು ಪುಡಿ ಮಾಡಿ ಅಂಗಡಿ ಸೇರೋಕೆ 10 ದಿನ, ದುಡ್ಡು ಬರೋಕೆ 45, ಒಟ್ಟು 55 ದಿನ ನಿಮ್ಮ ಕಾಸು ಹೊರಗಡೆ ಇರುತ್ತೆ. ಅಕ್ಕನ ಸ್ವಂತ ಕೂಲಿ ಬಿಟ್ಟು ಪ್ಯಾಕೆಟ್‌ಗೆ ಕೈಯಿಂದ ಹೋಗೋದು 42.50, ತಿಂಗಳಿಗೆ 750 ಪ್ಯಾಕೆಟ್ ಅಂದ್ರೆ ಸುಮಾರು 32,000, ಅದು 55 ದಿನಕ್ಕೆ 58,000 ಚಿಲ್ರೆ. ಇಷ್ಟು ದುಡ್ಡು ಯಾವ ಮಿಷಿನ್ನೂ ತರಲ್ಲ, ಯಾರ ಕಣ್ಣಿಗೂ ಕಾಣಲ್ಲ, ಬರೀ ಓಡಾಡ್ತಿರುತ್ತೆ, ಇದನ್ನೇ ದುಡಿಯುವ ಬಂಡವಾಳ ಅನ್ನೋದು. ಸಾಲ ತಗೊಂಡೋರು ಬಂದಿದ್ದನ್ನೆಲ್ಲಾ ಮಿಷಿನ್ನು, ಬೋರ್ಡು, ರೂಮಿಗೆ ಟೈಲ್ಸು ಅಂತ ಹಾಕಿ ಎರಡನೇ ತಿಂಗಳಲ್ಲಿ ಕೈಸಾಲಕ್ಕೆ ಓಡೋದು ಈ 58,000 ಮೊದಲೇ ತೆಗೆದಿಡದೇ ಇರೋದ್ರಿಂದ. ನೇರ ಗಿರಾಕಿ ಇದ್ರೆ ಅವತ್ತೇ ಫೋನ್‌ಪೇ ಆಗುತ್ತೆ, ಆ 34ರ ಜೊತೆ ಇದೂ ಒಂದು ಅನುಕೂಲ.

ದೊಡ್ಡ ಕಂಪನಿಗೋ ಕ್ಯಾಂಟೀನಿಗೋ ಮಾಲು ಹಾಕೋರಿಗೆ ಒಂದು ಕಾನೂನಿನ ಆಸರೆ ಇದೆ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸಿರೋದು, ಇರೋ ಸಣ್ಣ ತಯಾರಕರಿಗೆ 45 ದಿನದೊಳಗೆ ದುಡ್ಡು ಕೊಡ್ಬೇಕು, ಲಿಖಿತ ಒಪ್ಪಂದ ಇಲ್ದಿದ್ರೆ 15 ದಿನದೊಳಗೇ, ತಡ ಆದ್ರೆ ಬಡ್ಡಿ. ಮೂಲೆ ಅಂಗಡಿಯವರ ಹತ್ರ ಈ ಕಾನೂನು ಹೇಳಿದ್ರೆ ನಾಳೆಯಿಂದ ನಮ್ಮ ಮಾಲೇ ಇಡಲ್ಲ, ಅಲ್ಲಿ ಬೇರೆ ದಾರಿ ಬೇಕು. ಅಕ್ಕ ಮಾಡೋದು ಹೀಗೆ, ಒಂದು ಅಂಗಡಿಗೆ ಒಂದ್ಸಲಕ್ಕೆ 6 ಪ್ಯಾಕೆಟ್ ಮಾತ್ರ ಕೊಡ್ತಾಳೆ, ಬೇಗ ಖಾಲಿ ಆಗುತ್ತೆ, ಖಾಲಿ ಆದ್ರೆ ಅವರೇ ಫೋನ್ ಮಾಡ್ತಾರೆ, ಹಳೇ ಬಿಲ್ಲೂ ಸಣ್ಣದಿರೋದ್ರಿಂದ ಕೊಡೋಕೆ ಅವರಿಗೂ ಭಾರ ಆಗಲ್ಲ.

ಇನ್ನು ಭಾವನ ಮಿಷಿನ್. ಅದನ್ನೂ ಇದೇ ಲೆಕ್ಕಕ್ಕೆ ತಂದ್ವಿ. 4 ಲಕ್ಷದ್ದರಲ್ಲಿ 10 ಪರ್ಸೆಂಟ್ ಕೈಯಿಂದ, 3.60 ಲಕ್ಷ ಸಾಲ, 5 ವರ್ಷ, 11 ಪರ್ಸೆಂಟ್ ಬಡ್ಡಿ ಅಂತ ಇಟ್ಕೊಂಡು ಸಬ್ಸಿಡಿ ಮರೆತು ನೋಡಿದ್ರೆ ತಿಂಗಳ ಕಂತು 7,800 ಚಿಲ್ರೆ. ತಿಂಗಳ ಖರ್ಚು 9,000 ಇದ್ದಿದ್ದು 16,800 ಆಗುತ್ತೆ. ಮಿಷಿನ್ ಬಂದ್ರೆ ಕೂಲಿ 13.50 ಇದ್ದದ್ದು 6 ರೂಪಾಯಿಗೆ ಇಳಿಯುತ್ತೆ ಅಂದ್ಕೊಳ್ಳಿ, ಪ್ಯಾಕೆಟ್‌ಗೆ ಏಳೂವರೆ ಉಳಿತಾಯ. 7,800ನ್ನ ಏಳೂವರೆಯಿಂದ ಭಾಗಿಸಿದ್ರೆ 1,040. ತಿಂಗಳಿಗೆ 1,040 ಪ್ಯಾಕೆಟ್ ದಾಟೋವರೆಗೂ ಆ ಮಿಷಿನ್ ನಮಗೆ ಉಳಿಸೋದಕ್ಕಿಂತ ನಮ್ಮಿಂದ ತಗೊಳ್ಳೋದೇ ಜಾಸ್ತಿ. ಭಾವ ಸುಮಾರು ಹೊತ್ತು ಆ ಹಾಳೆ ನೋಡ್ತಾ ಕೂತಿದ್ರು. ಮಿಷಿನ್ ಬೇಡ ಅಂತಲ್ಲ, ಯಾವಾಗ ಬೇಕು ಅನ್ನೋದು ಆ ಒಂದು ಅಂಕಿಯಿಂದ ಗೊತ್ತಾಯ್ತು.

ಸಬ್ಸಿಡಿ ವಿಷ್ಯ ಸರಿಯಾಗಿ ತಿಳ್ಕೊಳ್ಳಿ, ಯಾಕಂದ್ರೆ ಇದರ ಹೆಸರಲ್ಲೇ ಜನ ಜಾಸ್ತಿ ಮೋಸ ಹೋಗ್ತಾರೆ. ತಿನ್ನೋ ಪದಾರ್ಥ ಮಾಡೋರಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಸ್ಕೀಮಲ್ಲಿ ಕೇಂದ್ರದ್ದು 35 ಪರ್ಸೆಂಟ್, ಹೆಚ್ಚೆಂದ್ರೆ 10 ಲಕ್ಷ, ಅದರ ಮೇಲೆ ಕರ್ನಾಟಕ ಸರ್ಕಾರ 15 ಪರ್ಸೆಂಟ್ ಸೇರಿಸಿ 50 ಮಾಡಿದೆ, ಹೆಚ್ಚೆಂದ್ರೆ 15 ಲಕ್ಷ. ನಮ್ಮಲ್ಲಿ ಇದನ್ನ ನೋಡ್ಕೊಳ್ಳೋದು ಕೆಪೆಕ್ ಅನ್ನೋ ರಾಜ್ಯ ಸರ್ಕಾರದ ನಿಗಮ, ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ, ಪ್ರಾಜೆಕ್ಟ್ ರಿಪೋರ್ಟ್ ಮಾಡೋಕೆ ಅವರೇ ಸಹಾಯ ಮಾಡ್ತಾರೆ. ಈ ವರ್ಷ ಅರ್ಜಿ ತಗೊಳ್ತಿದಾರಾ ಅಂತ ಕೃಷಿ ಇಲಾಖೆಯಲ್ಲಿ ಮೊದಲು ಕೇಳ್ಕೊಳ್ಳಿ. ಸ್ವಸಹಾಯ ಸಂಘದಲ್ಲಿದ್ದು ಆಗ್ಲೇ ಆಹಾರ ಪದಾರ್ಥ ಮಾಡ್ತಿರೋ ಸದಸ್ಯರಿಗೆ ದುಡಿಯುವ ಬಂಡವಾಳಕ್ಕೆ, ಸಣ್ಣ ಸಲಕರಣೆಗೆ ತಲಾ 40,000 ಬೀಜಧನ ಅಂತನೂ ಇದೇ ಸ್ಕೀಮಲ್ಲಿದೆ, ಎಷ್ಟೋ ಜನಕ್ಕೆ ಮಿಷಿನ್ ಸಾಲಕ್ಕಿಂತ ಇದೇ ಜಾಸ್ತಿ ಉಪಯೋಗ. ಆದ್ರೆ ಆ 50 ಪರ್ಸೆಂಟ್ ಕೈಗೆ ಬರೋ ದುಡ್ಡಲ್ಲ. ಮೊದಲು ಬ್ಯಾಂಕು ಸಾಲ ಮಂಜೂರು ಮಾಡ್ಬೇಕು, ಸಬ್ಸಿಡಿ ಬ್ಯಾಂಕಿಗೆ ಬಂದು ಬೇರೆ ಖಾತೆಯಲ್ಲಿ ಕೂರುತ್ತೆ, ಮೂರು ವರ್ಷ ನೀವು ಕಂತು ಸರಿಯಾಗಿ ಕಟ್ಟಿ ಯೂನಿಟ್ ನಡೀತಿದ್ರೆ ಸಾಲಕ್ಕೆ ಜಮಾ ಆಗುತ್ತೆ. ಹಂಗಾಗಿ ಸಬ್ಸಿಡಿ ನಂಬಿಕೊಂಡು ಲೆಕ್ಕ ಹಾಕ್ಬೇಡಿ, ಅದಿಲ್ದೆ ನಿಲ್ಲೋ ಬಿಸಿನೆಸ್ಸಿಗೆ ಅದು ಬಂದ್ರೆ ಒಳ್ಳೇದು. ಸಣ್ಣ ಮೊತ್ತ ಸಾಕು ಅನ್ನೋರಿಗೆ ಮುದ್ರಾ ಇದೆ, ಶಿಶು ಅಂದ್ರೆ 50,000ದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ, ಇದಕ್ಕೆ ಆಸ್ತಿ ಅಡಮಾನ ಕೇಳೋ ಹಾಗಿಲ್ಲ. ಮುಂಗಡ ಇಷ್ಟು ಕಟ್ಟಿ ಸಾಲ ಮಾಡಿಸ್ಕೊಡ್ತೀವಿ ಅನ್ನೋ ಫೋನ್ ಬಂದ್ರೆ ಇಟ್ಟು ಬಿಡಿ.

ಕಾಗದ ಪತ್ರಕ್ಕೆ ಜನ ಸುಮ್ನೆ ಹೆದರ್ತಾರೆ, ಇದು ಇಡೀ ಕೆಲಸದಲ್ಲಿ ಸುಲಭದ ಭಾಗ. ಉದ್ಯಮ್ ನೋಂದಣಿ ಆಧಾರ್, ಪಾನ್ ಇದ್ರೆ ಮೊಬೈಲಲ್ಲೇ ಆಗುತ್ತೆ, ಒಂದು ರೂಪಾಯಿನೂ ಇಲ್ಲ, ಸರ್ಕಾರದ್ದೇ ಅನ್ನೋ ಹಾಗೆ ಕಾಣೋ ಖಾಸಗಿ ಸೈಟುಗಳು 2-3 ಸಾವಿರ ಕೇಳ್ತವೆ, ಕೊಡ್ಬೇಡಿ. ತಿನ್ನೋ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತೆ ನೋಡೋ ಕೇಂದ್ರದ ಸಂಸ್ಥೆಯ ಅನುಮತಿ ಕಡ್ಡಾಯ, ಮನೆಯಲ್ಲಿ ಮಾಡಿ ಮಾರಿದ್ರೂ ಕಡ್ಡಾಯ. ಅಕ್ಕ ಮಾಡ್ಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಬರೀ ನೋಂದಣಿ ಸಾಕಿತ್ತು, ಫೀಸು ವರ್ಷಕ್ಕೆ 100 ರೂಪಾಯಿ, ಅದಕ್ಕಿಂತ ಮೇಲಾದ್ರೆ ಲೈಸೆನ್ಸ್. ಅರ್ಜಿ ಹಾಕೋ ದಿನ ಫಾಸ್ಕಾಸ್ ಅನ್ನೋ ಅವರದೇ ಸೈಟಲ್ಲಿ ಈಗಿನ ಮಿತಿ ಒಂದ್ಸಲ ನೋಡ್ಕೊಳ್ಳಿ. ಜೊತೆಗೆ ಪಾಲಿಕೆ ಅಥವಾ ಪಂಚಾಯ್ತಿಯಿಂದ ಟ್ರೇಡ್ ಲೈಸೆನ್ಸ್, ಬ್ಯಾಂಕಲ್ಲಿ ಬೇರೆ ಖಾತೆ.

ಲೇಬಲ್ ಮಾತ್ರ ಅವಸರದಲ್ಲಿ ಮಾಡ್ಬೇಡಿ. ನಾವು ನೋಂದಣಿ ನಂಬರ್ ಬರೋ ಮುಂಚೆನೇ ಚೆಂದ ಇದೆ ಅಂತ ಪ್ರಿಂಟ್ ಹಾಕ್ಸಿ 3,000 ರೂಪಾಯಿ ಕಳ್ಕೊಂಡ್ವಿ. ಲೇಬಲ್ ಮೇಲೆ ಇರ್ಬೇಕಾದ್ದು ಇಷ್ಟು: 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಹಸಿರು ಚೌಕದೊಳಗಿನ ಹಸಿರು ಚುಕ್ಕಿ, ಜಾಸ್ತಿ ಇರೋದ್ರಿಂದ ಕಮ್ಮಿ ಇರೋದಕ್ಕೆ ಅನ್ನೋ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, ಶೇಂಗಾ ಅಲರ್ಜಿ ಇರೋರಿಗೋಸ್ಕರ ಶೇಂಗಾ ಇದೆ ಅನ್ನೋ ಸೂಚನೆ, ತೂಕ, ಬ್ಯಾಚ್ ನಂಬರ್, ತಯಾರಾದ ದಿನ, ಎಷ್ಟರೊಳಗೆ ಬಳಸಬೇಕು, ಎಲ್ಲಾ ತೆರಿಗೆ ಸೇರಿ ಎಂಆರ್‌ಪಿ, ವಿಳಾಸ, ದೂರು ಹೇಳೋಕೆ ಫೋನ್ ನಂಬರ್. ಇದಲ್ದೆ ಗ್ರಾಂಗೆ ಎಷ್ಟು ಬೀಳುತ್ತೆ ಅನ್ನೋದೂ ಬರೀಬೇಕು, 200 ಗ್ರಾಂ 90 ಅಂದ್ರೆ ಗ್ರಾಂಗೆ 45 ಪೈಸೆ.

ಜಿಎಸ್‌ಟಿ. ಕರ್ನಾಟಕದಲ್ಲಿ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ನೋಂದಣಿ ಆಗ್ಬೇಕು. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ನೋಟಿಸ್ ಬಂದು, ಅಂಗಡಿ ಮುಂದೆ ಕ್ಯೂಆರ್ ತೆಗೆದು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದು ನೆನಪಿರಬಹುದು. ಆಗಿನಿಂದ ನಾನು ಎಲ್ರಿಗೂ ಹೇಳೋದು, ಯುಪಿಐಗೆ ಹೆದರಬೇಡಿ, ಆದ್ರೆ ಮನೆ ದುಡ್ಡು ವ್ಯಾಪಾರದ ದುಡ್ಡು ಒಂದೇ ಖಾತೆಗೆ ಬರೋ ಹಾಗೆ ಇಡ್ಬೇಡಿ, ತಮ್ಮ ಕಳಿಸಿದ ಕೈಸಾಲನೂ ವಹಿವಾಟು ಅನ್ನೋ ಹಾಗೆ ಕಾಣ್ಸುತ್ತೆ. ಇನ್ನೊಂದು ಗೊತ್ತಿರ್ಬೇಕಾದ್ದು, ತೆರಿಗೆ ಇರೋ ಸರಕು ಬೇರೆ ರಾಜ್ಯಕ್ಕೆ ಮಾರಿದ್ರೆ ಆ 40 ಲಕ್ಷದ ಮಿತಿ ಲೆಕ್ಕಕ್ಕೇ ಬರಲ್ಲ, ಮೊದಲ ಪ್ಯಾಕೆಟ್‌ನಿಂದಲೇ ನೋಂದಣಿ ಬೇಕು. ಪುಣೆ, ಹೈದರಾಬಾದ್ ಕಡೆ ಇರೋ ನಮ್ಮೋರು ಕೊರಿಯರ್ ಮಾಡಿ ಅಂತ ಕೇಳ್ತಾನೇ ಇದಾರೆ, ಅಕ್ಕ ಸದ್ಯಕ್ಕೆ ರಾಜ್ಯದೊಳಗೇ ಕಳಿಸ್ತಾಳೆ. ಯಾವ ಪದಾರ್ಥಕ್ಕೆ ಎಷ್ಟು ಜಿಎಸ್‌ಟಿ ಅನ್ನೋದು 2025ರ ಸೆಪ್ಟೆಂಬರ್ 22ರಿಂದ ತುಂಬ ಬದಲಾಗಿದೆ, ಚಪಾತಿ ರೊಟ್ಟಿಗೆ ಪೂರ್ತಿ ತೆಗೆದ್ರು, ಖಾರಾ ತಿಂಡಿಗೆ 12 ಇದ್ದದ್ದು 5 ಆಯ್ತು, ನಿಮ್ಮ ಪದಾರ್ಥದ್ದು ಆಡಿಟರ್ ಹತ್ರ ಕೇಳಿಯೇ ಎಂಆರ್‌ಪಿ ಗಟ್ಟಿ ಮಾಡಿ.

ಕೊನೇದಾಗಿ, ಈ ಲೆಕ್ಕ ಒಂದ್ಸಲ ಹಾಕಿ ಇಡೋದಲ್ಲ. ಒಂದ್ಸಲ ಶೇಂಗಾ 148ಕ್ಕೆ ಹೋಯ್ತು. ಏಳೂವರೆ ಕೆಜಿಗೆ 135 ಜಾಸ್ತಿ, 45 ಪ್ಯಾಕೆಟ್‌ಗೆ ಹಂಚಿದ್ರೆ ಬರೀ 3 ರೂಪಾಯಿ ಅನ್ಸುತ್ತೆ, ಆದ್ರೆ ಅಂಗಡಿ ವ್ಯಾಪಾರದಲ್ಲಿ ಉಳೀತಿದ್ದ 12ರಲ್ಲಿ ಆ 3 ಹೋಗಿ 9 ಆಯ್ತು, ಬರೀ ಅಂಗಡಿ ಲೆಕ್ಕದಲ್ಲಿ 750 ಇದ್ದದ್ದು ಒಂದೇ ವಾರದಲ್ಲಿ 1,000 ಆಗೋಯ್ತು. ಎಂಆರ್‌ಪಿ 95 ಮಾಡಿದ್ರೆ ಕೈಗೆ 76 ಬರುತ್ತೆ, 13 ಉಳಿಯುತ್ತೆ. ಹಳೇ ಪ್ಯಾಕೆಟ್ ಮೇಲೆ ಜಾಸ್ತಿ ರೇಟಿನ ಸ್ಟಿಕ್ಕರ್ ಅಂಟಿಸೋ ಹಾಗಿಲ್ಲ, ಕಾನೂನು ಒಪ್ಪಲ್ಲ. ಅದಕ್ಕೆ ಈಗ ಲೇಬಲ್ಲಲ್ಲಿ ರೇಟು, ಗ್ರಾಂ ರೇಟು, ತಾರೀಖು, ಬ್ಯಾಚ್ ಜಾಗ ಖಾಲಿ ಬಿಟ್ಟು ಪ್ಯಾಕ್ ಮಾಡೋ ದಿನ ಅಚ್ಚು ಹಾಕ್ತಾಳೆ, ರೇಟು ಬದಲಾಗೋ ಒಂದು ವಾರ ಮುಂಚೆ ಅಂಗಡಿಯವರಿಗೆ ಫೋನ್ ಮಾಡಿ ಹೇಳ್ತಾಳೆ. ಸೋಮವಾರ ಬೆಳಿಗ್ಗೆ ಮಂಡಿಗೆ ಫೋನ್ ಮಾಡಿ ಶೇಂಗಾ ರೇಟು ಬರ್ಕೊಂಡು ಪಕ್ಕದಲ್ಲೇ ಪ್ಯಾಕೆಟ್ ಅಸಲು ಬರಿಯೋದು ರೂಢಿ ಆಗಿದೆ. ಅದೇ ನೋಟ್‌ಬುಕ್ ಮೊದಲ ಪುಟದಲ್ಲಿ ಭಾವ ಕೆಂಪು ಪೆನ್ನಲ್ಲಿ 1,040 ಅಂತ ಬರೆದಿದಾರೆ, ಸತತ ನಾಲ್ಕು ತಿಂಗಳು ಅದನ್ನ ದಾಟಿದ್ರೆ ಮಿಷಿನ್ ಅಂತ. ಹೋದ ತಿಂಗಳು 870 ಹೋಗಿದೆ, ಅದ್ರಲ್ಲಿ 410 ನೇರ ಮನೆಗಳಿಗೆ.